ಎಡಪುಟದ ರೇವಣಪ್ಪ, ಬಲಪುಟದ ನಾಗರತ್ನಮ್ಮ

ನನ್ನ ಕಂಪ್ಯೂಟರಿನ ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿಪುಡಿಯ ಒಂದು ಡಬ್ಬಿ ಇದೆ. ತರೀಕೆರೆ ಬಸ್‌ಸ್ಟ್ಯಾಂಡಿನ ಎದುರಿಗಿರುವ ನನ್ನ ಪುಟ್ಟ ಡಿಟಿಪಿ ಅಂಗಡಿಗೆ ಹೊಸದಾಗಿ ಬಂದವರು ಅದನ್ನು ಪ್ರಿಂಟರಿಗೆ ತುಂಬುವ ಕಪ್ಪು ಪುಡಿ ಎಂದುಕೊಳ್ಳುತ್ತಾರೆ. ಹಳಬರು ಏನನ್ನೂ ಕೇಳುವುದಿಲ್ಲ. ಮುಚ್ಚಳ ತೆಗೆದು ಅಂಗೈಗೊಂದಿಷ್ಟು ಸುರಿದುಕೊಂಡು ನೆಕ್ಕುತ್ತ, ‘ಈ ಸಲ ಬೆಳ್ಳುಳ್ಳಿ ಒಸಿ ಮುಂದಾಗೈತೆ’ ಎಂದು ಅಭಿಪ್ರಾಯ ಕೊಟ್ಟು ಆಮೇಲೆ ತಮ್ಮ ಕೆಲಸ ಹೇಳುತ್ತಾರೆ. ಮೊನ್ನೆ ಕೀಬೋರ್ಡ್ ರಿಪೇರಿಗೆ ಬಂದವನು ಅದನ್ನು ತಲೆಕೆಳಗು ಮಾಡಿ ಒದರಿದಾಗ ಸಂದಿಗಳಿಂದ ಉದುರಿದ ಪುಡಿಯಲ್ಲಿ ಒಂದು ತುತ್ತು ಅನ್ನ ಕಲಸಬಹುದಿತ್ತು. ‘ಮೇಡಂ, ಇದು ಕೀಬೋರ್ಡೋ, ಒರಳೋ?’ ಎಂದು ಕೇಳಿದ. ಆದರೂ ಆ ಡಬ್ಬಿಯನ್ನು ಅಲ್ಲಿಂದ ಎತ್ತಿಡಲು ನನಗೆ ಮನಸ್ಸು ಬರುವುದಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಮಾಸ್ಟರ್ ಪೇಜ್ ನೆನಪಾಗುತ್ತದೆ. ಚಟ್ನಿಪುಡಿಗೂ ಮಾಸ್ಟರ್ ಪೇಜಿಗೂ ಏನು ನೆಂಟಸ್ತನ ಅನ್ನುತ್ತೀರಾ? ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಪುಸ್ತಕವನ್ನು ಕಂಪ್ಯೂಟರಿನಲ್ಲಿ ಜೋಡಿಸುವಾಗ ಎಲ್ಲ ಪುಟಗಳ ಬೆನ್ನ ಹಿಂದೆ ಕಣ್ಣಿಗೆ ಕಾಣದ ಒಂದು ಪುಟ ನಿಂತಿರುತ್ತದೆ. ಅದೇ ಮಾಸ್ಟರ್ ಪೇಜ್. ಪುಟದ ನೆತ್ತಿಯ ಮೇಲೆ ಬರುವ ಹೆಸರು, ಕೆಳಗೆ ಬರುವ ಸಂಖ್ಯೆ, ಅಂಚಿನ ಹೂಬಳ್ಳಿ ಇವನ್ನೆಲ್ಲ ಅಲ್ಲಿ ಒಂದು ಸಲ ಇಟ್ಟರೆ ಮುಗಿಯಿತು, ಇಡೀ ಪುಸ್ತಕಕ್ಕೆ ತಾನಾಗಿ ಬರುತ್ತವೆ. ಬರುವುದು ಸುಲಭ, ಹೋಗುವುದು ಮಾತ್ರ ಕಷ್ಟ. ಎದುರಿಗಿರುವ ಪುಟದಲ್ಲಿ ಹೆಸರು ಕಣ್ಣಿಗೆ ಕಾಣುತ್ತಿರುತ್ತದೆ, ಮೌಸಿನಿಂದ ಎಷ್ಟು ಕುಟ್ಟಿದರೂ ಕೈಗೆ ಸಿಗುವುದಿಲ್ಲ.

ನಾನು ಕಡೂರಿನಲ್ಲಿ ಒಂದನೇ ಕ್ಲಾಸಿಗೆ ಹೋಗುವಾಗ ನನ್ನ ಅಕ್ಷರಗಳು ಸಂತೆಯಲ್ಲಿ ಹಗ್ಗ ಬಿಚ್ಚಿದ ಕುರಿಗಳ ಹಾಗೆ ಸ್ಲೇಟಿನ ತುಂಬ ದಿಕ್ಕಾಪಾಲಾಗಿ ಓಡುತ್ತಿದ್ದವು. ನೋಡಿ ನೋಡಿ ಸಾಕಾಗಿ ಅಪ್ಪ ಒಂದು ಮೊಳೆ ತೆಗೆದುಕೊಂಡು ಸ್ಲೇಟಿನ ಮೇಲೆ ಉದ್ದಕ್ಕೂ ಗೆರೆ ಗೀರಿಕೊಟ್ಟರು. ಬರೆದದ್ದು ಒರೆಸಿದರೆ ಹೋಗುತ್ತಿತ್ತು, ಗೆರೆ ಹೋಗುತ್ತಿರಲಿಲ್ಲ. ಉಗುಳು ಹಚ್ಚಿದೆ, ಬೇಲಿಯ ಯಾವ್ಯಾವುದೋ ಸೊಪ್ಪು ತಂದು ಉಜ್ಜಿದೆ, ಕೊನೆಗೆ ಲಂಗದ ಅಂಚು ಹರಿಯುವವರೆಗೆ ತಿಕ್ಕಿದೆ. ಹೊಸ ಸ್ಲೇಟು ಹಾಳಾಯಿತೆಂದು ಗೋಳೋ ಎಂದು ಅತ್ತೆ. ಮದುವೆಯಾಗಿ ತರೀಕೆರೆಗೆ ಬಂದು, ಡಿಟಿಪಿ ಕಲಿತು, ಅಂಗಡಿ ತೆರೆದ ಹೊಸದರಲ್ಲಿ ಕಂಪ್ಯೂಟರಿನ ಮುಂದೆಯೂ ನನ್ನದು ಅದೇ ಗೋಳು. ಯಾವುದೋ ಸಂಘದ ವಾರ್ಷಿಕ ವರದಿಯಲ್ಲಿ ಹಳೆಯ ಅಧ್ಯಕ್ಷರ ಹೆಸರು ತೆಗೆಯಲು ಬಾರದೆ, ಅದರ ಮೇಲೆ ಪುಟಪುಟಕ್ಕೂ ಒಂದೊಂದು ಬಿಳಿ ಚೌಕ ಅಂಟಿಸುತ್ತ ಕೂತಿದ್ದೆ. ವರದಿ ಅಚ್ಚಾದದ್ದು ತಿಳಿಹಳದಿ ಬಣ್ಣದ ಹಿನ್ನೆಲೆಯಲ್ಲಿ. ಎಲ್ಲ ಪುಟಗಳೂ ಹಣೆಗೆ ಬ್ಯಾಂಡೇಜ್ ಸುತ್ತಿಕೊಂಡು ಆಸ್ಪತ್ರೆಯಿಂದ ಬಂದ ಹಾಗಿದ್ದವು.

ಇರಲಿ, ಡಬ್ಬಿಯ ಕಥೆಗೆ ಬರೋಣ.

ಎರಡು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ ಅಜ್ಜಂಪುರದ ಬಸ್ಸಿನಿಂದ ಇಳಿದು ಗಂಡ ಹೆಂಡತಿ ಇಬ್ಬರು ಅಂಗಡಿಗೆ ಬಂದರು. ಗಂಡ ಮುಂದೆ, ಹೆಂಡತಿ ನಾಲ್ಕು ಮಾರು ಹಿಂದೆ. ಗಂಡನ ಹೆಸರು ರೇವಣಪ್ಪ. ಈ ಕಡೆಯ ಖಾಸಗಿ ಬಸ್ಸುಗಳಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಬಸ್ಸಿನಲ್ಲಿ ನಿಂತೇ ಚುಟುಕ ಕಟ್ಟಿ, ನಿಂತೇ ಹೇಳಿ, ಜನರನ್ನು ನಗಿಸುತ್ತಿದ್ದವರು. ಹೆಂಡತಿ ನಾಗರತ್ನಮ್ಮ. ಅಜ್ಜಂಪುರದಲ್ಲಿ ಅವರ ಚಟ್ನಿಗಳಿಗೆ ಹೆಸರಿತ್ತು. ಮದುವೆ ಮನೆಯವರು ಅಡಿಗೆಯವರನ್ನು ಗೊತ್ತು ಮಾಡಿದ ಮೇಲೂ ಚಟ್ನಿಗೆ ಮಾತ್ರ ಇವರನ್ನು ಕರೆಯುತ್ತಿದ್ದರಂತೆ.

‘ಒಂದು ಪುಸ್ತಕ ಮಾಡ್ಬೇಕಲ್ಲಮ್ಮಾ,’ ಎಂದರು ರೇವಣಪ್ಪ. ‘ಹೆಸರು ಚುಟುಕ ಚಟ್ನಿ. ಎಡಗಡೆ ಪುಟದಲ್ಲಿ ನಂದೊಂದು ಚುಟುಕ. ಬಲಗಡೆ ಪುಟದಲ್ಲಿ ಇವಳದೊಂದು ಚಟ್ನಿ. ಓದೋದು ಈ ಕಡೆ, ನೆಕ್ಕೋದು ಆ ಕಡೆ. ಹೆಂಗೆ?’

‘ಮೊದ್ಲು ಕೂತ್ಕಳಕ್ಕೆ ಹೇಳಮ್ಮ ಅವ್ರಿಗೆ,’ ಎಂದರು ನಾಗರತ್ನಮ್ಮ ನನ್ನ ಕಡೆ ತಿರುಗಿ. ‘ಬಸ್ಸಲ್ಲೂ ನಿಂತೇ ಬಂದ್ರು. ಸೀಟಿದ್ರೂ ಕೂರಲ್ಲ.’

ನಾನು ಹೇಳಿದೆ. ಅವರು ಕೂತರು. ‘ಇವಳಿಗೂ ಕೂರಕ್ಕೆ ಹೇಳಿ,’ ಎಂದರು. ಅದನ್ನೂ ಹೇಳಿದೆ.

ಆಮೇಲೆ ತಿಳಿಯಿತು, ಇವರಿಬ್ಬರೂ ನೇರವಾಗಿ ಮಾತಾಡುವುದಿಲ್ಲ. ಜಗಳ ಏನೂ ಇಲ್ಲ. ನಾನೊಂದು ದಿನ ಕೇಳಿಯೇಬಿಟ್ಟಾಗ ನಾಗರತ್ನಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ‘ಕೋಪ ಎಲ್ಲಿ ಬಂತು ಕಣಮ್ಮ? ಇವ್ರು ಫಸ್ಟ್ ಬಸ್ಸಿಗೆ ಹೋಗಿ ಲಾಸ್ಟ್ ಬಸ್ಸಿಗೆ ಬತ್ತಿದ್ರು. ಅತ್ತೆ, ಮಾವ, ಮನೆ ತುಂಬ ಜನ. ಏನ್ ಹೇಳ್ಬೇಕಾದ್ರೂ ಮಕ್ಳ ಕೈಲಿ ಹೇಳಿ ಕಳಿಸ್ತಿದ್ದೆ. ಹಂಗೇ ರೂಢಿ ಆಗೋಯ್ತು. ಈಗ ಮಕ್ಳು ಅವರವರ ಮನೆ ಸೇರ್ಕಂಡವ್ರೆ, ನಾವು ಟೀವಿ ಮುಂದೆ ಕೂತು ಟೀವಿಗೆ ಹೇಳ್ತೀವಿ.’

ಹಾಗೆ ನಾನು ಆ ಮನೆಯ ಟೀವಿಯಾದೆ.

ಕೆಲಸ ಶುರುವಾಯಿತು. ಮಾಸ್ಟರ್ ಪೇಜಿನಲ್ಲಿ ಎಡಪುಟದ ನೆತ್ತಿಗೆ ‘ರೇವಣಪ್ಪ’, ಬಲಪುಟದ ನೆತ್ತಿಗೆ ‘ನಾಗರತ್ನಮ್ಮ’ ಎಂದು ಹಾಕಿದೆ. ಇಬ್ಬರೂ ಪರದೆಗೆ ಮುಖ ಹತ್ತಿಸಿ ನೋಡಿದರು. ‘ಹೆಸ್ರು ಎಲ್ಲಾ ಪುಟಕ್ಕೂ ಯಾಕಮ್ಮಾ?’ ಎಂದು ನಾಗರತ್ನಮ್ಮ ಸಂಕೋಚಪಟ್ಟರು. ‘ಬಸ್ಸಿಗೆ ಬೋರ್ಡ್ ಇಲ್ದೆ ಜನ ಹತ್ತದೆಂಗೆ, ಕೇಳಮ್ಮ’ ಎಂದು ರೇವಣಪ್ಪ ನನಗೆ ಹೇಳಿದರು.

ಅವರ ಚುಟುಕಗಳು ನನಗೆ ಇಷ್ಟವಾಗುತ್ತಿದ್ದವು. ಒಂದು ಹೀಗಿತ್ತು:

ಕೈ ಎತ್ತಿದವರನ್ನೆಲ್ಲ
ಹತ್ತಿಸಿಕೊಂಡೆನು ನಾನು;
ಕಾಲಿಡಲು ಜಾಗವಿಲ್ಲ, ಸರಿ,
ನಗಲು ಜಾಗ ಬೇಕೇನು?

ತೊಂದರೆ ಬಂದದ್ದು ಅವರು ಮಧ್ಯೆ ಒಂದು ಹೊಸ ಚುಟುಕ ತಂದಾಗ. ‘ಇದು ಈಗ ಬಸ್ಸಲ್ಲಿ ಬತ್ತಾ ಹುಟ್ಟಿದ್ದು, ಬೆಚ್ಚಗೈತೆ, ಮೊದಲಲ್ಲೇ ಎಲ್ಲಾದ್ರೂ ಸೇರಿಸಮ್ಮ’ ಎಂದರು. ನಾನು ಪುಸ್ತಕದ ಆರಂಭದಲ್ಲೇ ಒಂದು ಪುಟ ತೂರಿಸಿ, ಚುಟುಕ ಕೂರಿಸಿ, ಕರಡು ಪ್ರತಿ ತೆಗೆದು ಇಬ್ಬರ ಕೈಗೂ ಕೊಟ್ಟೆ. ಇಬ್ಬರೂ ಹಾಳೆ ತಿರುವಿದರು. ಆಮೇಲೆ ರೇವಣಪ್ಪ ಬೆಂಚು ಅಲುಗುವಂತೆ ನಗತೊಡಗಿದರು. ನಾಗರತ್ನಮ್ಮನವರ ಮುಖ ಕೆಂಪಾಗಿತ್ತು.

‘ಇದೇನಮ್ಮಾ ಮಾಡಿದ್ದೀಯ? ಓದು ಇದ್ನ!’

ಓದಿದೆ. ಪುಟದ ನೆತ್ತಿಯ ಮೇಲೆ ‘ರೇವಣಪ್ಪ’. ಕೆಳಗೆ: ‘ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನಮ್ಮತ್ತೆ ನನಗೆ ಹೇಳಿಕೊಟ್ಟ ಮೊದಲ ಚಟ್ನಿ ಇದು.’

ಎದುರು ಪುಟದ ನೆತ್ತಿಯಲ್ಲಿ ‘ನಾಗರತ್ನಮ್ಮ’. ಕೆಳಗೆ:

ಮನೆಯಾಕೆ ಮಾತಿಗಿಳಿದರೆ
ಘಾಟಿ ರಸ್ತೆಯ ತಿರುವು;
ಹಾರ್ನು ಹೊಡೆದು ನಿಧಾನ ಹೋದರೆ
ಇಬ್ಬರಿಗೂ ಉಳಿವು.

ಪುಸ್ತಕದ ನಡುವೆ ಒಂದೇ ಒಂದು ಪುಟ ತೂರಿಸಿದರೆ ಅಲ್ಲಿಂದ ಮುಂದೆ ಎಡದಲ್ಲಿದ್ದದ್ದು ಬಲಕ್ಕೆ, ಬಲದಲ್ಲಿದ್ದದ್ದು ಎಡಕ್ಕೆ ಸರಿಯುತ್ತದೆ. ಮಾಸ್ಟರ್ ಪೇಜ್ ಮಾತ್ರ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಅಷ್ಟು ವರ್ಷ ಈ ಕೆಲಸ ಮಾಡಿದ ನನಗೆ ಆ ಕ್ಷಣಕ್ಕೆ ಅದು ಹೊಳೆದಿರಲಿಲ್ಲ. ಉಪಾಯ ಒಂದೇ: ಪುಟಗಳನ್ನು ಜೋಡಿಯಾಗಿ ಸೇರಿಸಬೇಕು. ‘ನೀವು ಒಂದು ಚುಟುಕ ತಂದರೆ ಅಮ್ಮನೂ ಒಂದು ಚಟ್ನಿ ಕೊಡಬೇಕು, ಅಮ್ಮ ಒಂದು ಚಟ್ನಿ ಹೇಳಿದರೆ ನೀವೊಂದು ಚುಟುಕ ಬರೀಬೇಕು. ಒಬ್ಬರೇ ಮುಂದೆ ಹೋಗೋ ಹಾಗಿಲ್ಲ’ ಎಂದೆ.

ಆ ನಿಯಮ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಕೆಲಸ ಮಾಡಿತು. ನಾಗರತ್ನಮ್ಮನವರಿಗೆ ಹುರುಪು ಬಂತು. ಹೀರೇಕಾಯಿ ಸಿಪ್ಪೆ, ಒಂದೆಲಗ, ಅಗಸೆ, ಹುರುಳಿ, ಹಾಗಲ, ಬಾಳೆಕಾಯಿ ಸಿಪ್ಪೆ, ಎಲ್ಲರೂ ಎಸೆಯುವ ದಂಟಿನ ಸಿಬಿರು, ಹೀಗೆ ಎಲ್ಲದಕ್ಕೂ ಅವರಲ್ಲಿ ಒಂದು ಚಟ್ನಿ ಇತ್ತು. ಅವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ‘ಉಪ್ಪು ಎಷ್ಟು?’ ಎಂದರೆ ‘ಕೈಗೆ ಬಂದಷ್ಟು’ ಎನ್ನುತ್ತಿದ್ದರು. ಯಾರ ಕೈಗೆ ಎಂದು ಕೇಳಿದರೆ ಸಿಟ್ಟಾಗುತ್ತಿದ್ದರು. ಬರುವಾಗಲೆಲ್ಲ ಒಂದು ಡಬ್ಬಿ ತರುತ್ತಿದ್ದರು. ಹೇಳಿ ಮುಗಿಸಿದ ಮೇಲೆ ಮುಚ್ಚಳ ತೆಗೆದು, ‘ನೋಡು, ಸರಿಯಾಗಿ ಟೈಪ್ ಆಗಿದ್ಯಾ?’ ಎಂದು ನನ್ನ ಅಂಗೈಗೆ ಹಾಕುತ್ತಿದ್ದರು.

ರೇವಣಪ್ಪ ಹಿಂದೆ ಬಿದ್ದರು. ಎಡಪುಟಗಳು ಖಾಲಿ ಉಳಿಯತೊಡಗಿದವು. ಬಲಗಡೆ ಚಟ್ನಿಯ ಮೇಲೆ ಚಟ್ನಿ, ಎಡಗಡೆ ನೆತ್ತಿಯ ಮೇಲೆ ಅವರ ಹೆಸರು, ಕೆಳಗೆ ಬರೀ ಬಿಳಿ.

‘ಬರೀತೀನಿ ಬಿಡಮ್ಮ. ಬಸ್ಸು ಲೇಟಾದ್ರೂ ಬತ್ತದೆ’ ಎನ್ನುತ್ತಿದ್ದರು.

ಒಂದು ಸೋಮವಾರ ಅವರು ಬರಬೇಕಿತ್ತು, ಬರಲಿಲ್ಲ. ಮುಂದಿನ ವಾರವೂ ಇಲ್ಲ. ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಹಲವು ದಿನ ಕಳೆದ ಮೇಲೆ ನಾಗರತ್ನಮ್ಮ ಒಬ್ಬರೇ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಬೆಂಚಿನ ಮೇಲೆ ಕೂತು, ಪಕ್ಕದ ಖಾಲಿ ಜಾಗವನ್ನು ಒಂದು ಸಲ ಸೆರಗಿನಿಂದ ಒರೆಸಿದರು.

‘ಇಲ್ಲಿಗೇ ಬರಕ್ಕೆ ಅಂತ ಅಂಗಿ ಗುಂಡಿ ಹಾಕ್ಕಂತಿದ್ರು ಕಣಮ್ಮ. ಗುಂಡಿ ಸಿಗ್ತಿಲ್ಲ ಅಂದ್ರು. ಆಮೇಲೆ ಬಲಗೈಯೇ ಬಿದ್ದೋಯ್ತು. ಬಾಯಿ ಒಂದ್ಕಡೆ ಎಳೀತು. ಶಿವಮೊಗ್ಗದಾಗಿದ್ವಿ ಇಷ್ಟು ದಿನ. ಜೀವಕ್ಕೇನೂ ಇಲ್ಲ ಅಂದವ್ರೆ. ಮಾತು ಹೋಗೈತೆ.’

ಅಷ್ಟು ಮಾತಿನ ಮನುಷ್ಯ!

‘ಪೂರ್ತಿ ಹೋಗಿಲ್ಲ’ ಎಂದರು ಅವರೇ. ‘ಅದೊಂದು ಉಳ್ಕಂಡೈತೆ, ಬಸ್ಸಿಂದು. ನೀರು ಬೇಕಾದ್ರೆ ಹೋಲ್ಡಾನ್ ಅಂತಾರೆ. ಸಾಕಾದ್ರೆ ರೈಟ್ ಅಂತಾರೆ. ಮೊನ್ನೆ ನಿದ್ದೆಯಿಂದ ಎದ್ದು ಕೂತು, ಬುಕ್ಕಾಂಬುಧಿ ಇಳಿಯೋರ್ಯಾರ್ರೀ, ಅಂತ ಕೇಳಿದ್ರು. ಸ್ಪಷ್ಟವಾಗಿ! ಇಡೀ ವಾರ್ಡಿನವ್ರು ತಿರುಗಿ ನೋಡಿದ್ರು.’

‘ನೀವು ಏನಂದ್ರಿ?’

‘ಯಾರೂ ಇಲ್ಲ, ಇಳಿಯೋರೆಲ್ಲ ಇಳಿದ್ರು, ನೀವು ಮಲಗ್ರೀ ಅಂದೆ.’ ಹೇಳುತ್ತ ನಕ್ಕರು. ನಕ್ಕದ್ದು ಅರ್ಧಕ್ಕೇ ನಿಂತಿತು. ‘ಈಗ ನಾನೇ ಮಾತಾಡ್ತೀನಿ ಕಣಮ್ಮ ಅವ್ರ ಹತ್ರ. ಬೆಳಗ್ಗೆಯಿಂದ ಸಾಯಂಕಾಲದವರ್ಗೂ. ಮಧ್ಯೆ ಯಾರ್ನೂ ಇಟ್ಕಳಲ್ಲ.’

ಅವರು ಬಂದದ್ದು ಪುಸ್ತಕದ ವಿಷಯ ಹೇಳಲು. ನಿಲ್ಲಿಸುವುದು ಬೇಡ, ಇದ್ದಷ್ಟನ್ನು ಅಚ್ಚು ಮಾಡಿಸೋಣ ಎಂದರು. ಸರಿ ಎಂದೆ. ಆದರೆ ನನ್ನ ವೃತ್ತಿಯ ಕಣ್ಣು ಹೋದದ್ದು ಆ ಖಾಲಿ ಎಡಪುಟಗಳ ಮೇಲೆ. ಏನೂ ಇಲ್ಲದ ಪುಟಕ್ಕೆ ಹೆಸರೊಂದೇ ಇದ್ದರೆ ನೋಡಿದವರು ಅಚ್ಚಿನ ತಪ್ಪು ಎನ್ನುತ್ತಾರೆ. ನಾನು ಬಿಳಿ ಚೌಕ ಅಂಟಿಸುವ ಕಾಲದಿಂದ ಮುಂದೆ ಬಂದಿದ್ದೆ. ಏನೂ ಬರೆಯದ ಇನ್ನೊಂದು ಮಾಸ್ಟರ್ ಪೇಜ್ ಮಾಡಿ ಆ ಪುಟಗಳಿಗೆ ತೊಡಿಸಿದರೆ ಹೆಸರು ತಾನಾಗಿ ಮಾಯವಾಗುತ್ತದೆ. ಎಷ್ಟು ಸುಲಭ ಎಂದು ತೋರಿಸಲು ಒಂದು ಪುಟಕ್ಕೆ ಮಾಡಿಯೂ ಬಿಟ್ಟೆ. ಪರದೆಯ ಮೇಲೆ ‘ರೇವಣಪ್ಪ’ ಅಳಿಸಿಹೋಯಿತು.

‘ಏ, ಏ! ವಾಪಸ್ ತಗಂಬಾ!’ ನಾಗರತ್ನಮ್ಮ ಎದ್ದು ನಿಂತಿದ್ದರು.

ಬೆದರಿ ವಾಪಸ್ ತಂದೆ. ಹೆಸರು ಬಂತು. ಅವರು ಕೂತರು.

‘ಖಾಲಿ ಪುಟಕ್ಕೆ ಹೆಸರ್ಯಾಕೆ ಅಂತ ಅಂದ್ಕೊಂಡೆ, ಅಮ್ಮ.’

‘ನೀನು ಬಸ್ಸಲ್ಲಿ ಓಡಾಡಿಲ್ವಾ? ಕಿಟಕಿಯಿಂದ ಸೀಟಿಗೆ ಟವಲ್ ಹಾಕಲ್ವಾ ಜನ? ಬರೋರು ಇದಾರೆ ಅಂತ ತಾನೆ ಹಾಕದು? ಇದೂ ಅದೇ ಕಣಮ್ಮ. ಹೆಸರಲ್ಲ ಇದು, ಟವಲ್ಲು. ತೆಗೀಬ್ಯಾಡ.’

ತೆಗೆಯಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ರೇವಣಪ್ಪನವರಿಗೆ ದಪ್ಪ ಅಕ್ಷರ ಓದಿಸಿ ಅಂದಿದ್ದಾಳೆ, ಈ ಮೇಲಿನ ಹೆಸರುಗಳನ್ನಾದರೂ ಒಂದಿಷ್ಟು ದಪ್ಪ ಮಾಡಲು ಆಗುತ್ತದೆಯೇ? ಆಗುತ್ತದೆ ಎಂದೆ. ಮಾಸ್ಟರ್ ಪೇಜಿನಲ್ಲಿ ಒಂದು ಸಲ ದಪ್ಪ ಮಾಡಿದರೆ ಎಲ್ಲೆಡೆಯೂ ದಪ್ಪವಾಗುತ್ತದೆ, ಅದೇ ಅದರ ಗುಣ ಎಂದು ಜಂಬದಿಂದ ಹೇಳಿದೆ.

ದಪ್ಪ ಮಾಡಿದೆ. ಕೆಲವು ಬಲಪುಟಗಳಲ್ಲಿ ‘ನಾಗರತ್ನಮ್ಮ’ ಹಳೆಯ ಹಾಗೇ ಸಣ್ಣಗೆ ಉಳಿದಿತ್ತು. ಮತ್ತೆ ಮಾಡಿದೆ, ಮುಚ್ಚಿ ತೆರೆದೆ, ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಸಣ್ಣದು ಸಣ್ಣದೇ. ತಲೆ ಕೆಟ್ಟು, ಅವರು ಹಿಂದೆ ತಂದಿಟ್ಟಿದ್ದ ಹುಚ್ಚೆಳ್ಳು ಚಟ್ನಿಪುಡಿ ಬಾಯಿಗೆ ಹಾಕಿಕೊಂಡು ಕೂತಾಗ ನೆನಪಾಯಿತು. ಶುರುವಿನಲ್ಲಿ ಹೆಸರಿಗೆ ಮೀಸಲಿಟ್ಟ ಚೌಕಟ್ಟು ಚಿಕ್ಕದಾಗಿ ‘ತ್ನ’ದ ಒತ್ತಕ್ಷರದ ಕಾಲು ಕತ್ತರಿಸಿಹೋಗಿತ್ತು. ಅದನ್ನು ಮೂಲದಲ್ಲಿ ಸರಿಮಾಡುವುದು ಬಿಟ್ಟು, ಅವಸರಕ್ಕೆ ಕಣ್ಣಿಗೆ ಬಿದ್ದ ನಾಲ್ಕಾರು ಪುಟಗಳಲ್ಲಿ ಮಾತ್ರ ಹೆಸರನ್ನು ಮಾಸ್ಟರ್ ಪೇಜಿನಿಂದ ಬಿಡಿಸಿಕೊಂಡು ತಿದ್ದಿದ್ದೆ. ಹಾಗೆ ಬಿಡಿಸಿಕೊಂಡದ್ದು ಪಾಲು ತೆಗೆದುಕೊಂಡು ಬೇರೆ ಹೋದ ತಮ್ಮನ ಹಾಗೆ. ಆಮೇಲೆ ದೊಡ್ಡಮನೆಗೆ ಸುಣ್ಣ ಬಳಿದರೆ ಅವನ ಗೋಡೆಗೆ ಬರುವುದಿಲ್ಲ. ಎಲ್ಲ ಪುಟಗಳನ್ನೂ ಅಚ್ಚು ತೆಗೆದು ಅಂಗಡಿಯ ನೆಲದ ತುಂಬ ಹರಡಿ, ಮಂಡಿಯೂರಿ ಒಂದೊಂದೇ ‘ನಾಗರತ್ನಮ್ಮ’ನನ್ನು ಹುಡುಕಿ, ಬೇರೆ ಹೋದವರನ್ನೆಲ್ಲ ಮತ್ತೆ ಮೂಲಕ್ಕೆ ಸೇರಿಸಿ, ಮೂಲದಲ್ಲೇ ಒತ್ತಕ್ಷರಕ್ಕೆ ಕಾಲು ಚಾಚಲು ಜಾಗ ಮಾಡಿಕೊಟ್ಟೆ. ಎದ್ದಾಗ ಮಂಡಿ ಹಿಡಿದಿತ್ತು. ಹೆಸರು ಮಾತ್ರ ಎಲ್ಲ ಪುಟದಲ್ಲೂ ಕೈಕಾಲು ಸರಿಯಾಗಿ ನಿಂತಿತ್ತು.

ಪುಸ್ತಕ ಅಚ್ಚಾಗಿ ಬಂದ ದಿನ ಮೊದಲ ಪ್ರತಿಯನ್ನು ನಾನೇ ಕೊಟ್ಟು ಬರುತ್ತೇನೆಂದು ಅಂಗಡಿ ಮುಚ್ಚಿ ಅಜ್ಜಂಪುರದ ಬಸ್ಸು ಹತ್ತಿದೆ. ಅವರ ಮನೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ರೇವಣಪ್ಪ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಅಷ್ಟು ದಿನದಲ್ಲಿ ಮುಖ ಸರಿಹೋಗಿತ್ತು. ಬಲಗೈ ಮಡಿಲಲ್ಲಿ ಸುಮ್ಮನೆ ಮಲಗಿತ್ತು. ನನ್ನನ್ನು ನೋಡಿ ಕಣ್ಣು ಅಗಲವಾಯಿತು. ‘ರೈಟ್, ರೈಟ್’ ಎಂದರು. ಒಳಗೆ ಬಾ ಎಂಬುದಕ್ಕೆ.

ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟೆ. ನಾಗರತ್ನಮ್ಮ ಟೀ ತರುತ್ತೇನೆಂದು ಒಳಗೆ ಹೋದರು. ಗಂಡನಿಗೆ ಓದಲು ಬಾರದಿದ್ದರೆ ಎಂದು ಅವರಿಗೆ ಭಯವಾಯಿತೋ ಏನೋ.

ರೇವಣಪ್ಪ ಎಡಗೈಯಿಂದ ಪುಸ್ತಕ ಬಿಡಿಸಿದರು. ನಡುವೆ ಎಲ್ಲೋ ತೆರೆದುಕೊಂಡಿತು. ಎಡಗಡೆ ಅವರದೇ ಚುಟುಕ. ಅದನ್ನು ದಿಟ್ಟಿಸಿದರು. ನಾಲ್ಕು ಸಾಲು ಅವರಿಗೆ ಬಹಳ ದೂರದ್ದಾಗಿ ಕಂಡಿರಬೇಕು. ಬೆರಳು ಮೇಲಕ್ಕೆ ಹೋಗಿ ನೆತ್ತಿಯ ದಪ್ಪಕ್ಷರದ ಮೇಲೆ ನಿಂತಿತು. ‘ರೇ... ವ... ಣ...’ ಎಂದು ಒಂದೊಂದೇ ಅಕ್ಷರ ಇಳಿಸಿ, ‘ಪ್ಪ’ ಎಂದು ಮುಗಿಸಿ, ನನ್ನ ಕಡೆ ನೋಡಿ ನಕ್ಕರು. ಆಸ್ಪತ್ರೆಯಲ್ಲಿ ಅದನ್ನು ಕಲಿಸಿದ್ದರು ಎಂದು ಆಮೇಲೆ ತಿಳಿಯಿತು.

ಬೆರಳು ಬಲಗಡೆಯ ಪುಟಕ್ಕೆ ದಾಟಿತು.

‘ನಾ...’ ಎಂದರು. ‘ಗ...’ ನಿಂತರು. ಹಣೆಯಲ್ಲಿ ಗೆರೆ ಮೂಡಿತು. ‘ರ...’

ಒತ್ತಕ್ಷರ ಬಂತು. ನಾಲಿಗೆ ಅದನ್ನು ಹತ್ತಲಾರದೆ ಎರಡು ಸಲ ಜಾರಿತು. ನಾನು ಬಾಯಿ ತೆರೆದು ಹೇಳಿಕೊಡಬೇಕೆಂದವಳು ಸುಮ್ಮನಾದೆ.

‘ನಾಗರತನ,’ ಎಂದರು ರೇವಣಪ್ಪ. ದೊಡ್ಡ ದನಿಯಲ್ಲಿ, ಬಸ್ಸಿನ ಹಿಂದಿನ ಸೀಟಿಗೂ ಕೇಳುವಂತೆ. ‘ನಾಗರತನಮ್ಮ.’

ಅಡಿಗೆಮನೆಯ ಬಾಗಿಲಲ್ಲಿ ನಾಗರತ್ನಮ್ಮ ಟೀ ಲೋಟಗಳನ್ನು ಹಿಡಿದು ನಿಂತಿದ್ದರು. ಯಾವಾಗ ಬಂದರೋ ನಾನು ನೋಡಿರಲಿಲ್ಲ.

‘ಏನಂದ್ರಿ?’ ಎಂದರು.

ಅವರು ಮತ್ತೆ ಬೆರಳಿಟ್ಟು ಮತ್ತೆ ಓದಿದರು.

ನಾಗರತ್ನಮ್ಮ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ‘ಮದ್ವೆ ದಿನ ಹೊಸ್ತಿಲಲ್ಲಿ ನಿಲ್ಸಿದ್ರು ಕಣಮ್ಮ, ಹೆಂಡ್ತಿ ಹೆಸ್ರು ಹೇಳಿದ್ರೇನೇ ಒಳಗೆ ಬಿಡದು ಅಂತ. ಅವತ್ತು ಹೇಳಿದ್ರು. ಆಮೇಲೆ ಏ ಅಂದ್ರು, ಇವಳೇ ಅಂದ್ರು, ನಿಮ್ಮವ್ವ ಎಲ್ಲೋ ಅಂತ ಮಕ್ಳನ್ನ ಕೇಳಿದ್ರು. ಅವತ್ತು ಬಿಟ್ರೆ ಇವತ್ತೇ.’

ರೇವಣಪ್ಪ ಒಂದು ಕೈಯಲ್ಲಿ ಪುಟ ತಿರುಗಿಸಲು ಹೋದರು. ಎರಡು ಮೂರು ಹಾಳೆ ಒಟ್ಟಿಗೆ ಬಂದವು. ನಾಗರತ್ನಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ನನ್ನ ಕಡೆ ತಿರುಗಿದರು.

‘ಎಲ್ಲಾ ಪುಟದಲ್ಲೂ ಐತೇನಮ್ಮ?’

‘ಇದೆ ಅಮ್ಮ. ಬಲಗಡೆ ಎಲ್ಲಾ ಪುಟದಲ್ಲೂ ಇದೆ.’

ಅವರು ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡು ಗಂಡನ ಪಕ್ಕಕ್ಕೆ ಹಾಕಿ ಕೂತರು. ಹಾಳೆಗಳನ್ನು ಬಿಡಿಸಿ, ಒಂದೇ ಒಂದನ್ನು ತಿರುಗಿಸಿ, ಅಂಗೈಯಿಂದ ಸವರಿ ಸಮ ಮಾಡಿದರು.

‘ಹೂಂ,’ ಎಂದರು, ‘ಮುಂದಿಂದು ಓದ್ರಿ.’